ಬೇಲಿಯ ಬದಲಿಗೆ ಒಂದು ಮುಚ್ಚಳ

ಹಿತ್ತಿಲಲ್ಲಿ ಈಜುಕೊಳ ತೋಡಿಸುವವರಿಂದ ಅಮೆರಿಕದ ಕಟ್ಟಡ ನಿಯಮಗಳು ಮೊದಲು ಕೇಳುವುದೇ ಬೇಲಿಯನ್ನು. ನೀರಿನ ಆಳ 24 ಇಂಚು ದಾಟಿದರೆ ಸುತ್ತ ಕನಿಷ್ಠ 48 ಇಂಚು ಎತ್ತರದ ತಡೆ ಇರಬೇಕು. ಅದರ ಗೇಟು ಕೈಬಿಟ್ಟೊಡನೆ ತಾನಾಗಿ ಮುಚ್ಚಿಕೊಳ್ಳಬೇಕು, ಚಿಲಕವೂ ತಾನಾಗಿ ಬೀಳಬೇಕು, ಆ ಚಿಲಕ ಪುಟ್ಟ ಕೈಗೆ ಎಟುಕಬಾರದು. ಇಷ್ಟೆಲ್ಲ ಬಿಗಿಯಾಗಿ ಹೇಳಿದ ಮೇಲೆ ಅದೇ ಸಂಹಿತೆ ಸ್ಪಾ ಎಂದೂ ಕರೆಯುವ ಬಿಸಿನೀರಿನ ತೊಟ್ಟಿಯಾದ ಹಾಟ್ ಟಬ್‌ಗೆ ಒಂದು ವಿನಾಯಿತಿ ಕೊಡುತ್ತದೆ. ಎಎಸ್‌ಟಿಎಂ ಎಫ್-1346 ಎಂಬ ಮಾನದಂಡಕ್ಕೆ ಒಪ್ಪುವ, ಬೀಗ ಹಾಕಲು ಬರುವ ಮುಚ್ಚಳವೊಂದಿದ್ದರೆ ಸಾಕು, ಬೇಲಿ ಬೇಡ.

ಕೇಳಲು ಸರಿಯಾಗಿಯೇ ಇದೆ. ಆದರೆ ಗೇಟಿಗೆ ಸ್ಪ್ರಿಂಗ್ ಇರುತ್ತದೆ, ಮುಚ್ಚಳಕ್ಕೆ ಇರುವುದಿಲ್ಲ. ಮನೆಯವರು ಮರೆತರೂ ಗೇಟು ಮುಚ್ಚಿಕೊಳ್ಳುತ್ತದೆ. ಮುಚ್ಚಳವನ್ನೋ, ರಾತ್ರಿ ಹನ್ನೊಂದಕ್ಕೆ, ಒದ್ದೆ ಮೈಯಲ್ಲಿ, ಬಿಸಿನೀರಿನ ಜೊಂಪಿನಲ್ಲಿ, ಜನವರಿಯ ಗಾಳಿ ಕೊರೆಯುತ್ತಿರುವಾಗ ಯಾರಾದರೊಬ್ಬರು ಎಳೆದು ಹೊದಿಸಬೇಕು, ನಾಲ್ಕು ಮೂಲೆಯ ಕ್ಲಿಪ್ ಒತ್ತಬೇಕು, ನಾಲ್ಕಕ್ಕೂ ಬೀಗ ತಿರುಗಿಸಬೇಕು. 'ಬೆಳಿಗ್ಗೆ ಹಾಕಿದರಾಯಿತು ಬಿಡು' ಎಂದು ಗಂಡ ಹೆಂಡತಿಗೋ ಹೆಂಡತಿ ಗಂಡನಿಗೋ ಹೇಳುವುದು ಆ ಹೊತ್ತಿನಲ್ಲೇ. ನಿಯಮದ ಪುಸ್ತಕದಲ್ಲಿ ಬೇಲಿಯೂ ಮುಚ್ಚಳವೂ ಒಂದೇ ಸಾಲಿನಲ್ಲಿ ಕೂತಿವೆ. ಹಿತ್ತಿಲಲ್ಲಿ ಅವೆರಡೂ ಒಂದೇ ಅಲ್ಲ.

ಟೆಕ್ಸಾಸ್ ಶಾಸನಸಭೆ 2019ರಲ್ಲಿ ಈ ನಿಯಮಗಳಿರುವ ಅಂತರರಾಷ್ಟ್ರೀಯ ಈಜುಕೊಳ ಮತ್ತು ಸ್ಪಾ ಸಂಹಿತೆಯನ್ನು ರಾಜ್ಯದ ನಗರಗಳಿಗೆಂದು ಒಪ್ಪಿಕೊಂಡಿತು. ಪ್ಲೇನೋ, ಫ್ರಿಸ್ಕೋ, ರೌಂಡ್ ರಾಕ್, ಶುಗರ್ ಲ್ಯಾಂಡ್ ಮುಂತಾಗಿ ನಮ್ಮ ಕನ್ನಡಿಗರು ಮನೆ ಮಾಡಿರುವ ಊರುಗಳಲ್ಲಿ ನಗರಸಭೆಯ ಪರವಾನಗಿ ವಿಭಾಗಕ್ಕೆ ಒಂದು ಫೋನು ಮಾಡಿದರೆ ತಮ್ಮ ಊರಿನ ನಿಯಮ ಏನೆಂದು ಹೇಳುತ್ತಾರೆ. ಹ್ಯೂಸ್ಟನ್ ಸುತ್ತಿನ ಕಥೆ ಸ್ವಲ್ಪ ಬೇರೆ. ಕೇಟಿ, ಸೈಪ್ರೆಸ್ ಕಡೆಯ ಎಷ್ಟೋ ಬಡಾವಣೆಗಳು ಯಾವ ನಗರಸಭೆಯ ಎಲ್ಲೆಯೊಳಗೂ ಬರುವುದಿಲ್ಲ. ಅಂಥ ಕಡೆ ನಗರದ ಸಂಹಿತೆಯೂ ಬರುವುದಿಲ್ಲ, ಬಡಾವಣೆಯ ಸಂಘದ ಕಟ್ಟಳೆಗಳೂ ಮನೆಯವರ ವಿವೇಕವೂ ಉಳಿಯುತ್ತವೆ. ಅಪಾರ್ಟ್‌ಮೆಂಟ್ ಸಮುಚ್ಚಯ ಮತ್ತು ಬಡಾವಣೆ ಸಂಘದ ಕೊಳಗಳಿಗೆ ಮಾತ್ರ ರಾಜ್ಯದ ಆರೋಗ್ಯ ಮತ್ತು ಸುರಕ್ಷತಾ ಸಂಹಿತೆಯ 757ನೇ ಅಧ್ಯಾಯ ಬೇಲಿ, ಗೇಟು, ಚಿಲಕಗಳನ್ನು ಇಂಚಿನ ಲೆಕ್ಕದಲ್ಲಿ ವಿಧಿಸಿದೆ.

ಈಗ ಆ ಮುಚ್ಚಳವನ್ನೇ ಬಿಚ್ಚಿ ನೋಡೋಣ. ಒಳಗಿರುವುದು ನಾವು ಥರ್ಮೋಕೋಲ್ ಎನ್ನುವ ವಸ್ತುವಿನ ದಪ್ಪ ಹಲಗೆ, ಸಾಮಾನ್ಯವಾಗಿ ಎರಡು ತುಂಡು. ಮಳೆನೀರು ನಿಲ್ಲದೆ ಜಾರಿಹೋಗಲೆಂದು ನಡುವೆ ದಪ್ಪ, ಅಂಚಿಗೆ ಬರುತ್ತ ತೆಳು. ಹಲಗೆಗೆ ಆವಿ ತಾಕದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ವಿನೈಲ್ ಹೊದಿಕೆ ಹೊಲಿದಿರುತ್ತಾರೆ. ಎರಡು ತುಂಡು ಸೇರುವ ಮಡಿಕೆಯಲ್ಲಿ ಭಾರ ತಾಳಲು ಉಕ್ಕಿನ ಪಟ್ಟಿ ಇರುತ್ತದೆ. ಮೂಲೆಗಳಿಂದ ಇಳಿಬಿದ್ದ ನೈಲಾನ್ ಪಟ್ಟಿಗಳ ತುದಿಯ ಕ್ಲಿಪ್ಪುಗಳು ತೊಟ್ಟಿಯ ಪಕ್ಕೆಗೆ ತಿರುಪು ಹಾಕಿದ ಕೊಂಡಿಯೊಳಗೆ ಟಕ್ಕೆಂದು ಕೂರುತ್ತವೆ. ಇದು ಹುಟ್ಟಿದ್ದು ಶಾಖ ಉಳಿಸಲು, ಕರೆಂಟ್ ಬಿಲ್ ತಗ್ಗಿಸಲು. ಮಗುವನ್ನು ಕಾಯುವ ಕೆಲಸ ಆಮೇಲೆ ಅದರ ಹೆಗಲೇರಿತು.

ಹಾಗೆ ಹೆಗಲೇರಿದ ಕೆಲಸಕ್ಕೆ 1991ರ ಆ ಮಾನದಂಡ ಕೆಲವು ಪರೀಕ್ಷೆಗಳನ್ನು ಇಟ್ಟಿದೆ. ಎಂಟು ಅಡಿಗಿಂತ ಹೆಚ್ಚು ಅಗಲವಿಲ್ಲದ ಕೊಳದ ಮುಚ್ಚಳ 275 ಪೌಂಡು, ಅಂದರೆ ಸುಮಾರು 125 ಕಿಲೋ ಭಾರ ತಾಳಬೇಕು. ಮೇಲೆ ಹತ್ತಿದ ಒಂದು ಮಗು, ಅದನ್ನು ಎತ್ತಲು ಧಾವಿಸಿದ ಒಬ್ಬ ವಯಸ್ಕ ಎಂಬ ಲೆಕ್ಕ ಅದು. ಅದಕ್ಕಿಂತ ಅಗಲವಾದರೆ ಇಬ್ಬರು ವಯಸ್ಕರು ಮತ್ತು ಒಂದು ಮಗುವಿನ ಲೆಕ್ಕ, 485 ಪೌಂಡು. ಬೀಗ ಹಾಕಿದ ಮೇಲೆ ಅಂಚಿನ ಸಂದಿಯಲ್ಲಿ ಮಗು ನುಸುಳುವಂತಿರಬಾರದು. ಮುಚ್ಚಳದ ಮೇಲೆ ನಿಂತ ಮಳೆನೀರು ಬೇಗನೆ ಹರಿದುಹೋಗಬೇಕು, ಏಕೆಂದರೆ ತಗ್ಗಾದ ಮುಚ್ಚಳದ ಮೇಲಿನ ಕೆಲವೇ ಇಂಚು ನೀರೂ ಬೋರಲು ಬಿದ್ದ ಕೂಸಿಗೆ ಸಾಕು. ಇವೆಲ್ಲ ಪಾಸಾದ ಮುಚ್ಚಳಕ್ಕೆ ಹಾಗೆಂದು ಹೇಳುವ ಚೀಟಿ ಹೊಲಿದಿರಬೇಕು. ಪಾಸಾಗದ್ದಕ್ಕೂ ಚೀಟಿ ಇರಬೇಕು, ಇದು ಸುರಕ್ಷತಾ ಮುಚ್ಚಳವಲ್ಲ ಎಂದು. ಜನ ಸೋಫಾ ದಿಂಬಿನ ಚೀಟಿ ಕತ್ತರಿಸುವ ಹಾಗೆ ಇದನ್ನೂ ಕತ್ತರಿಸಿ ಎಸೆಯುತ್ತಾರೆ ಎನ್ನುವುದು ಬೇರೆ ಮಾತು.

ಟೆಕ್ಸಾಸ್‌ನ ಬಿಸಿಲು ಈ ಮುಚ್ಚಳದ ದೊಡ್ಡ ಶತ್ರು. ನಲವತ್ತು ಡಿಗ್ರಿಯ ಆಗಸ್ಟ್ ಒಂದೆರಡು ಕಳೆದರೆ ವಿನೈಲ್ ಗಡುಸಾಗುತ್ತದೆ, ಹೊಲಿಗೆ ಬಿಡುತ್ತದೆ. ಒಳಗಿನಿಂದ ಕ್ಲೋರಿನ್ ಬೆರೆತ ಆವಿ ತಿನ್ನುತ್ತದೆ. ಪ್ಲಾಸ್ಟಿಕ್ ಹಾಳೆ ಒಂದು ಕಡೆ ಹರಿದರೂ ಥರ್ಮೋಕೋಲ್ ನೀರು ಕುಡಿಯಲು ಶುರು. ಹೊಸದರಲ್ಲಿ ಒಬ್ಬರೇ ಎತ್ತಬಹುದಾಗಿದ್ದ ಮುಚ್ಚಳ ಕೆಲವು ವರ್ಷಗಳಲ್ಲಿ ಇಬ್ಬರಿಗೂ ಏಳದಷ್ಟು ತೂಕವಾಗುತ್ತದೆ, ನಡುವೆ ಜೋತುಬೀಳುತ್ತದೆ. ಇಲ್ಲಿ ಜನ ತಪ್ಪು ತಿಳಿಯುವುದುಂಟು: ಭಾರವಾಯಿತಲ್ಲ, ಮಗು ಎತ್ತಲಾರದು, ಒಳ್ಳೆಯದೇ ಆಯಿತು ಎಂದು. ಭಾರವಾದ ಮುಚ್ಚಳವನ್ನು ದೊಡ್ಡವರೂ ಪೂರ್ತಿ ಮುಚ್ಚುವುದಿಲ್ಲ, ಅರ್ಧ ಮಡಚಿ ಬಿಟ್ಟುಬಿಡುತ್ತಾರೆ. ಜೋತುಬಿದ್ದ ಮುಚ್ಚಳದ ಅಂಚು ಎದ್ದಿರುತ್ತದೆ, ಪಟ್ಟಿ ಕ್ಲಿಪ್ಪಿಗೆ ಎಟುಕುವುದಿಲ್ಲ. ಎಫ್-1346 ಚೀಟಿ ಇದ್ದರೂ ಆ ದಿನ ಆ ಮುಚ್ಚಳ ಪರೀಕ್ಷೆಗೆ ನಿಂತರೆ ಫೇಲು.

ಗಾಳಿಯೂ ಇದೆ. 2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಅಪ್ಪಳಿಸಿದಾಗ ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯಿತು. ಅಂಥ ಗಾಳಿಗೆ ಮೂಲೆಯ ಕ್ಲಿಪ್ಪುಗಳು ಸಾಲವು, ಮುಚ್ಚಳದ ಮೇಲೆ ಅಡ್ಡಲಾಗಿ ಬಿಗಿಯುವ ಅಗಲವಾದ ಪಟ್ಟಿಗಳನ್ನು ಬೇರೆಯಾಗಿ ಮಾರುತ್ತಾರೆ. ಬಿರುಗಾಳಿ ಕಳೆದ ಮೇಲೆ ಜನ ನೋಡುವುದು ಸೂರು, ಬೇಲಿ, ಫ್ರಿಜ್. ಕಿತ್ತುಹೋದ ಕ್ಲಿಪ್ ಯಾರ ಕಣ್ಣಿಗೂ ಬೀಳುವುದಿಲ್ಲ. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಕರೆಂಟೂ ನೀರೂ ಇಲ್ಲದೆ ಟೆಕ್ಸಾಸ್ ದಿನಗಟ್ಟಲೆ ನಡುಗಿದಾಗ ಹಿತ್ತಿಲ ಕೊಳದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಟಾಯ್ಲೆಟ್ಟಿಗೆ ಸುರಿದವರು ಬಹಳ ಮಂದಿ. ಅಂಥ ದಿನಗಳಲ್ಲಿ ಪ್ರತಿ ಬಕೆಟ್ಟಿಗೂ ಬೀಗ ತೆಗೆದು ಹಾಕುವವರು ಯಾರು?

ಮುಚ್ಚಳದ ಹೆಸರಿನಲ್ಲಿ ಇನ್ನೊಂದು ವಸ್ತು ಚಲಾವಣೆಯಲ್ಲಿದೆ: ನೀರಿನ ಮೇಲೆ ತೇಲುವ, ಗುಳ್ಳೆಗುಳ್ಳೆಯ ನೀಲಿ ಹಾಳೆ. ಬಿಸಿ ಉಳಿಸಲು ಅದು ಒಳ್ಳೆಯದೇ. ಆದರೆ ನೆಲವೆಂದು ಭ್ರಮಿಸಿ ಮಗು ಕಾಲಿಟ್ಟರೆ ಹಾಳೆ ಒಳಸರಿದು, ಮಗು ಇಳಿದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಮೇಲಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಏನೂ ಇಲ್ಲದ ಬರಿಯ ನೀರಿಗಿಂತ ಈ ಹಾಳೆ ಹೊದ್ದ ನೀರು ಹೆಚ್ಚು ಅಪಾಯ ಎಂದೇ ನನ್ನ ಎಣಿಕೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ, ಗಾಳಿ ತುಂಬಿ ನಿಲ್ಲಿಸುವ ಹಾಟ್ ಟಬ್‌ಗಳ ಮೆತ್ತನೆಯ ಮುಚ್ಚಳವನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ, ಚೀಟಿ ಓದಿಯೇ ನಂಬಬೇಕು.

ಡಾಲಸ್‌ನ ಉತ್ತರದ ಹೊಸ ಬಡಾವಣೆಗಳಲ್ಲಿ ಮುಚ್ಚಳದ ಪ್ರಶ್ನೆಯೇ ಏಳದ ಹಾಟ್ ಟಬ್‌ಗಳು ಹೆಚ್ಚು. ಈಜುಕೊಳಕ್ಕೆ ಅಂಟಿಸಿ ಕಲ್ಲುಗಾರೆಯಲ್ಲಿ ಕಟ್ಟಿದ ಎತ್ತರದ ಸ್ಪಾ, ಅದರಿಂದ ಕೊಳಕ್ಕೆ ತೆಳುವಾಗಿ ಸುರಿಯುವ ನೀರು. ನೋಡಲು ಚೆಂದ, ಫೋಟೋಗೆ ಇನ್ನೂ ಚೆಂದ. ಅದಕ್ಕೆ ಮುಚ್ಚಳ ಹಾಕಿದರೆ ಅಂದ ಕೆಡುತ್ತದೆಂದು ಯಾರೂ ಹಾಕಿಸುವುದಿಲ್ಲ. ಸುತ್ತ ಆಳೆತ್ತರದ ಸೀಡರ್ ಮರದ ಬೇಲಿ ಇದೆಯಲ್ಲ ಎಂಬ ಧೈರ್ಯ. ಆ ಬೇಲಿ ಪಕ್ಕದ ಮನೆಯ ಮಗುವನ್ನು ತಡೆಯುತ್ತದೆ, ನಿಜ. ಸ್ವಂತ ಮಗು ಬೇಲಿ ಹಾರಿ ಬರುವುದಿಲ್ಲ, ಅಡುಗೆಮನೆಯ ಪಕ್ಕದ ಸರಿಯುವ ಗಾಜಿನ ಬಾಗಿಲಿನಿಂದ ಬರುತ್ತದೆ. ಅದಕ್ಕೇ ಸಂಹಿತೆ, ಮನೆಯ ಗೋಡೆಯೇ ಬೇಲಿಯ ನಾಲ್ಕನೇ ಬದಿಯಾದರೆ ಆ ಬಾಗಿಲಿಗೆ ಅಲಾರಂ ಅಥವಾ ಅದಕ್ಕೆ ಸಮನಾದ ಬೇರೆ ಏರ್ಪಾಡು ಇರಬೇಕೆನ್ನುವುದು. ಬಾಗಿಲು ತೆರೆದಾಗಲೆಲ್ಲ ಕೂಗುವ ಆ ಅಲಾರಮ್ಮಿನ ಬ್ಯಾಟರಿಯನ್ನು ಕಿರಿಕಿರಿ ತಾಳದೆ ಕಿತ್ತಿಟ್ಟ ಮನೆಗಳು ಎಷ್ಟೋ.

ಒಳಗಿನಿಂದ ಬರುವ ಮಗುವಿನ ಮಾತು ಊಹೆಯಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1980ರ ದಶಕದಲ್ಲಿ ಕ್ಯಾಲಿಫೋರ್ನಿಯ, ಅರಿಜೋನ, ಫ್ಲಾರಿಡಗಳಲ್ಲಿ ಮನೆಯ ಕೊಳಗಳಲ್ಲಿ ಮುಳುಗಿದ ಐದು ವರ್ಷದೊಳಗಿನ ಮಕ್ಕಳ ಪ್ರಕರಣಗಳನ್ನು ಒಂದೊಂದಾಗಿ ಕೆದಕಿತು. ಸುಮಾರು ಅರ್ಧದಷ್ಟು ಮಕ್ಕಳನ್ನು ಮನೆಯವರು ಕೊನೆಯ ಸಲ ಕಂಡದ್ದು ಮನೆಯೊಳಗೆ. ಶೇ 77 ಮಕ್ಕಳು ಕಣ್ಣಿಂದ ಮರೆಯಾಗಿದ್ದುದು ಐದು ನಿಮಿಷ ಅಥವಾ ಅದಕ್ಕೂ ಕಡಿಮೆ. ಶೇ 69ರಷ್ಟು ಸಂದರ್ಭಗಳಲ್ಲಿ ಮಗು ನೀರಿನ ಬಳಿ ಇರಬಹುದೆಂಬ ಯೋಚನೆಯೇ ಯಾರಿಗೂ ಇರಲಿಲ್ಲ. ಬೇಜವಾಬ್ದಾರಿ ತಂದೆತಾಯಿಯರ ಚಿತ್ರ ಈ ಅಂಕಿಗಳಲ್ಲಿ ಇಲ್ಲ. ಕುಕ್ಕರ್ ಮೂರನೇ ಸಲ ಕೂಗಿತೇ ಎಂದು ನೋಡಲು ಹೋದವರ ಚಿತ್ರ ಇದೆ. ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ಇವತ್ತಿಗೂ ಮುಳುಗುವುದೇ. ಮುಳುಗುವ ಮಗು ಕೂಗುವುದೂ ಇಲ್ಲ. ಬಾಯಿ ನೀರಿನ ಮೇಲೆ ಬಂದ ಅರೆಗಳಿಗೆಯಲ್ಲಿ ಅದು ಉಸಿರೆಳೆಯಲು ಹೆಣಗುತ್ತದೆ, ಕೂಗಲು ಪುರಸೊತ್ತಿರುವುದಿಲ್ಲ.

ಹತ್ತುವ ವಿಷಯದಲ್ಲಿ ಮಕ್ಕಳ ಬುದ್ಧಿ ನಮಗಿಂತ ಒಂದು ಕೈ ಮೇಲು. ನೆಲದ ಮೇಲೆ ನಿಲ್ಲಿಸುವ, ನಾಲ್ಕಡಿ ಹಾಗೂ ಅದಕ್ಕಿಂತ ಎತ್ತರದ ಸುಮಾರು 50 ಲಕ್ಷ ಈಜುಕೊಳಗಳನ್ನು ಮೂರು ಕಂಪನಿಗಳು 2025ರ ಜುಲೈನಲ್ಲಿ ಹಿಂಪಡೆದವು. ಗೋಡೆ ಬಿಗಿಯಲು ಕಂಬಗಳ ಹೊರಗೆ ಸುತ್ತಿದ ಪಟ್ಟಿಯೇ ಎಳೆಯ ಮಕ್ಕಳ ಕಾಲಿಗೆ ಮೆಟ್ಟಿಲಾಗುತ್ತಿತ್ತು ಎನ್ನುವುದು ಕಾರಣ, ಒಂಬತ್ತು ಮಕ್ಕಳ ಸಾವು ಅದಕ್ಕೆ ತಳುಕು ಹಾಕಿಕೊಂಡಿತ್ತು. ಹಾಟ್ ಟಬ್‌ಗೆ ನಾವು ಪಟ್ಟಿಯನ್ನಲ್ಲ, ಎರಡು ಮೆಟ್ಟಿಲಿನ ಏಣಿಯನ್ನೇ ಇಟ್ಟಿರುತ್ತೇವೆ. ಬಳಸದಾಗ ಅದನ್ನು ಗ್ಯಾರೇಜಿಗೆ ಒಯ್ಯುವುದು ಕಾಸು ಖರ್ಚಿಲ್ಲದ ಕೆಲಸ.

ಇಷ್ಟಾಗಿಯೂ ಮುಚ್ಚಳ ತೆರೆದಿದ್ದಾಗಿನ ಅಪಾಯಕ್ಕೆ ಮುಚ್ಚಳ ಉತ್ತರವಲ್ಲ. ಅದನ್ನು ತೋರಿಸಿಕೊಟ್ಟ ಕಥೆ ಹ್ಯೂಸ್ಟನ್ನಿನ ಒಂದು ಹೆಸರಾಂತ ಮನೆತನದ್ದು. ಹಿರಿಯ ಬುಷ್ ಅಧ್ಯಕ್ಷರಾಗಿದ್ದಾಗ ವಿದೇಶಾಂಗ ಸಚಿವರಾಗಿದ್ದ ಜೇಮ್ಸ್ ಬೇಕರ್ ಆ ಊರಿನವರು, ಅಲ್ಲಿನ ರೈಸ್ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಸಂಸ್ಥೆಯಿದೆ. 2002ರ ಜೂನ್‌ನಲ್ಲಿ ಅವರ ಏಳು ವರ್ಷದ ಮೊಮ್ಮಗಳು ವರ್ಜೀನಿಯ ರಾಜ್ಯದ ಒಂದು ಮನೆಯ ಸಂತೋಷಕೂಟದಲ್ಲಿ ಹಾಟ್ ಟಬ್‌ಗೆ ಇಳಿದಳು. ತಳದ ನೀರು ಹೀರುವ ಬಾಯಿ ಅವಳನ್ನು ಹಿಡಿದುಬಿಟ್ಟಿತು. ತಾಯಿ ಎಳೆದರು, ಬರಲಿಲ್ಲ. ಕೊನೆಗೆ ಇಬ್ಬರು ಗಂಡಸರು ಎಳೆದಾಗ ಜಾಲರಿಯೇ ಮುರಿದು ಹುಡುಗಿ ಹೊರಬಂದಳು, ಉಳಿಯಲಿಲ್ಲ. ಮೂರು ವರ್ಷದವಳಿದ್ದಾಗಿನಿಂದ ಈಜುತ್ತಿದ್ದ, ಊರಿನ ಈಜು ತಂಡದಲ್ಲಿದ್ದ ಹುಡುಗಿ ಅವಳು.

ತಾಯಿ ನ್ಯಾನ್ಸಿ ಬೇಕರ್ ಸುಮ್ಮನೆ ಕೂರಲಿಲ್ಲ. ವರ್ಷಗಟ್ಟಲೆ ಸಂಸದರ ಬಾಗಿಲು ತಟ್ಟಿದರು, ಸಮಿತಿಗಳ ಮುಂದೆ ನಿಂತು ಆ ದಿನದ ವಿವರವನ್ನು ಮತ್ತೆ ಹೇಳಿದರು. ಹುಡುಗಿಯ ಹೆಸರಿನ ವರ್ಜೀನಿಯ ಗ್ರೇಮ್ ಬೇಕರ್ ಕಾಯಿದೆಗೆ 2007ರ ಡಿಸೆಂಬರ್ 19ರಂದು ಸಹಿ ಬಿತ್ತು, ಸಹಿ ಹಾಕಿದ್ದು ಟೆಕ್ಸಾಸ್‌ನವರೇ ಆದ ಕಿರಿಯ ಬುಷ್. ಒಂದು ವರ್ಷದ ನಂತರ ಅದು ಜಾರಿಗೆ ಬಂತು. ಅಂದಿನಿಂದ ಅಮೆರಿಕದಲ್ಲಿ ಮಾರುವ ಪ್ರತಿ ಹೀರುಬಾಯಿಯ ಜಾಲರಿಯೂ ದೇಹವನ್ನೋ ಕೂದಲನ್ನೋ ಕಚ್ಚಿ ಹಿಡಿಯದ ವಿನ್ಯಾಸದ್ದಾಗಿರಬೇಕು, ಸಾರ್ವಜನಿಕ ಕೊಳಗಳು ಹಳೆಯದನ್ನು ಬದಲಾಯಿಸಲೇಬೇಕು. ಮನೆಯ ಹಿತ್ತಿಲ ಹಳೇ ತೊಟ್ಟಿಗೆ ಹಾಗೆ ಯಾರೂ ನೋಟಿಸು ಕೊಡುವುದಿಲ್ಲ. ಸೆಕೆಂಡ್‌ಹ್ಯಾಂಡ್ ಹಾಟ್ ಟಬ್ ಕೊಳ್ಳುವವರು, ಹಳೇ ಮನೆ ಕೊಂಡು ಅದರೊಡನೆ ಸ್ಪಾ ಪಡೆದವರು ಮೊದಲು ನೋಡಬೇಕಾದ್ದು ಈ ಜಾಲರಿಯನ್ನು. ಅದಕ್ಕೂ ಆಯುಷ್ಯವಿದೆ. ಬಿರುಕು ಬಿಟ್ಟಿದ್ದರೆ, ತಿರುಪು ಸಡಿಲವಾಗಿದ್ದರೆ ಬದಲಾಯಿಸುವ ತನಕ ಯಾರೂ ಇಳಿಯಕೂಡದು. ಪಂಪ್ ನಿಲ್ಲಿಸುವ ಸ್ವಿಚ್ ಎಲ್ಲಿದೆಯೆಂದು ಮನೆಯ ಎಲ್ಲ ದೊಡ್ಡವರಿಗೂ ಗೊತ್ತಿರಬೇಕು, ಹೀರುವಿಕೆಯ ಎದುರು ತೋಳಬಲ ನಡೆಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಹ್ಯೂಸ್ಟನ್ನಿನ ಒಂದು ಹೋಟೆಲಿನ ಕೊಳದ ಅಗಲ ಕೊಳವೆಯೊಳಗೆ ಎಳೆಯಲ್ಪಟ್ಟು ಎಂಟು ವರ್ಷದ ಹುಡುಗಿಯೊಬ್ಬಳು ಸತ್ತಳು. ಕಾಯಿದೆ ಬಂದ ಮೇಲೂ ನೀರಿನಡಿಯ ಪ್ರತಿ ಬಾಯಿಯನ್ನೂ ಯಾರಾದರೂ ಬಗ್ಗಿ ನೋಡಲೇಬೇಕು.

ಬಿಸಿಯ ಮಾತು ಚಿಕ್ಕದು. ನೀರು 40 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎನ್ನುತ್ತದೆ ಸುರಕ್ಷತಾ ಆಯೋಗ. ಐದು ವರ್ಷದೊಳಗಿನವರನ್ನು ಇಳಿಸಲೇಬೇಡಿ ಎನ್ನುತ್ತದೆ ದೇಶದ ರೋಗ ನಿಯಂತ್ರಣ ಕೇಂದ್ರ. ಎಳೆಯ ಮೈ ಬೇಗ ಕಾಯುತ್ತದೆ. ನರಕ ಚತುರ್ದಶಿಗೆ ಎಣ್ಣೆ ಹಚ್ಚಿಕೊಂಡು ನೇರ ಹಾಟ್ ಟಬ್‌ಗಿಳಿಯುವ ಉತ್ಸಾಹಿಗಳೂ ನಮ್ಮಲ್ಲಿದ್ದಾರಂತೆ. ಅವರಿಗೆ ಏನೂ ಆಗುವುದಿಲ್ಲ, ಫಿಲ್ಟರ್ ಸಾಯುತ್ತದೆ.

ಮುಚ್ಚಳದ ಮೇಲೆ ಇಷ್ಟು ಮಾತೇಕೆ ಎಂದು ಬೆಂಗಳೂರಿನಲ್ಲಿ ಕೂತು ಓದುವವರಿಗೆ ಅನಿಸಬಹುದು. ಅವರ ಗೇಟಿನ ಪಕ್ಕದಲ್ಲೇ ನೆಲದಡಿ ಸಂಪು ಇರುತ್ತದೆ. ಕಾವೇರಿ ನೀರು ಬಂತೇ ಎಂದು ನೋಡಲು ಕಬ್ಬಿಣದ ಮುಚ್ಚಳ ಸರಿಸಿದವರು ಅದನ್ನು ಹಾಗೆಯೇ ಬಿಟ್ಟು ಮೋಟರ್ ಹಾಕಲು ಒಳಗೆ ಹೋಗುತ್ತಾರೆ. ಸಂಪಿಗೆ ಬಿದ್ದ ಮಗುವಿನ ಸುದ್ದಿ ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಮೂಲೆ ಹಿಡಿಯುತ್ತದೆ. ಕೊಳವೆಬಾವಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಬಾಯಿ ಮುಚ್ಚುವ, ಬೇಲಿ ಹಾಕುವ ಮಾರ್ಗಸೂಚಿ ಕೊಟ್ಟಿತ್ತು. ಆದರೂ 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದೊಳಗಿನ ಮಗು ಬಿದ್ದು, ಇಪ್ಪತ್ತು ಗಂಟೆಯ ಅಗೆತದ ನಂತರ ಜೀವಂತ ಸಿಕ್ಕಿತು. ರಾಜ್ಯವೇ ಉಸಿರು ಬಿಟ್ಟಿತು. ಸಂಪಿಗೆ ಬಿದ್ದ ಮಗುವಿಗೆ ಇಪ್ಪತ್ತು ಗಂಟೆ ಇರುವುದಿಲ್ಲ, ಹಾಟ್ ಟಬ್‌ಗೆ ಬಿದ್ದದ್ದಕ್ಕೂ ಇಲ್ಲ.

ಟೆಕ್ಸಾಸ್‌ನ ಕನ್ನಡ ಮನೆಗಳಲ್ಲಿ ಹಗಲು ಮಗುವಿನ ಕಾವಲು ಎಷ್ಟೋ ಸಲ ಅಜ್ಜ ಅಜ್ಜಿಯದು. ಆರು ತಿಂಗಳಿಗೆಂದು ಬಂದಿರುತ್ತಾರೆ, ಮಗ ಸೊಸೆ ಕೆಲಸಕ್ಕೆ ಹೋಗಿರುತ್ತಾರೆ. ಬಾಣಂತನ, ಜ್ವರ, ಊಟ ಮಾಡಿಸುವುದು ಇವುಗಳಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಹಿತ್ತಿಲ ಆ ಚೌಕದ ಪೆಟ್ಟಿಗೆ ಏನು, ಅದರ ಕ್ಲಿಪ್ ಬಿಡಿಸುವುದು ಹೇಗೆ, ಬೀಗದ ಕೈ ಎಲ್ಲಿದೆ ಎಂದು ಅವರಿಗೆ ಯಾರೂ ತೋರಿಸಿರುವುದಿಲ್ಲ. ವೈಫೈ ಪಾಸ್‌ವರ್ಡ್ ಹೇಳಿಕೊಟ್ಟ ದಿನವೇ ಇದನ್ನೂ ತೋರಿಸಬೇಕು. ತುರ್ತು ಸಂಖ್ಯೆ 911ಕ್ಕೆ ಫೋನು ಮಾಡುವುದು, ಮನೆಯ ವಿಳಾಸವನ್ನು ಇಂಗ್ಲಿಷಿನಲ್ಲಿ ಹೇಳುವುದು ಅಭ್ಯಾಸವಾಗಬೇಕು, ವಿಳಾಸ ದೊಡ್ಡಕ್ಷರದಲ್ಲಿ ಫ್ರಿಜ್ ಮೇಲಿರಬೇಕು. ಮಗು ಕಾಣದಿದ್ದರೆ ಮಂಚದ ಕೆಳಗೆ, ಕ್ಲೋಸೆಟ್ಟಿನೊಳಗೆ ಹುಡುಕುವ ಮೊದಲು ನೀರಿನ ಕಡೆ ಓಡಬೇಕು.

ಹಬ್ಬದ ಪಾಟ್‌ಲಕ್ ಊಟಗಳಲ್ಲಿ ಕಾವಲು ಇನ್ನೂ ತೆಳು. ಮೂವತ್ತು ಜನ ದೊಡ್ಡವರಿದ್ದಾರೆ ಎಂದರೆ ನೋಡುವವರು ಮೂವತ್ತು ಎಂದಲ್ಲ, ಬಹಳ ಸಲ ಸೊನ್ನೆ. ಆಸ್ಟಿನ್ನಿನ ಕಾಲಿನ್ಸ್ ಹೋಪ್ ಎಂಬ ಸಂಸ್ಥೆ ಹುಟ್ಟಿದ್ದು 2008ರಲ್ಲಿ ಆ ಊರಿನ ನಾಲ್ಕು ವರ್ಷದ ಹುಡುಗನೊಬ್ಬ ಜೀವರಕ್ಷಕರಿದ್ದ ಕೊಳದಲ್ಲೇ ಮುಳುಗಿ ಸತ್ತ ಮೇಲೆ. ನೀರಿನ ಕಾವಲಿಗೆ ನಿಂತವರು ಕೈಗೆ ಗುರುತಿನ ಪಟ್ಟಿ ಕಟ್ಟಿಕೊಳ್ಳುವ ರೂಢಿಯನ್ನು ಆ ಸಂಸ್ಥೆ ಹಬ್ಬಿಸಿದೆ. ಪಟ್ಟಿ ಕಟ್ಟಿಕೊಂಡವರು ಫೋನು ಮುಟ್ಟಬಾರದು, ಹರಟೆಗೆ ಕೂರಬಾರದು, ಇನ್ನೊಬ್ಬರ ಕೈಗೆ ಪಟ್ಟಿ ದಾಟಿಸದೆ ಕದಲಬಾರದು. ಪುಳಿಯೋಗರೆ ಬಡಿಸುವವರ ಪಟ್ಟಿ ಮಾಡುವ ನಮ್ಮವರು ಇದನ್ನೂ ಸರದಿಯಲ್ಲಿ ಹಾಕಿಕೊಳ್ಳಬಹುದು.

ಸ್ವಂತ ಹಾಟ್ ಟಬ್ ಇಲ್ಲದವರೂ ಇದರಿಂದ ಹೊರಗಿಲ್ಲ. ಡಾಲಸ್ ಕಡೆಯವರು ಉದ್ದ ವಾರಾಂತ್ಯಕ್ಕೆ ಒಕ್ಲಹೋಮದ ಬ್ರೋಕನ್ ಬೋ ಕಾಡಿನ ಮರದ ಮನೆಗಳಿಗೆ ಹೋಗುತ್ತಾರೆ, ಹ್ಯೂಸ್ಟನ್ನಿನವರು ಗ್ಯಾಲ್ವೆಸ್ಟನ್ ಕಡಲಿಗೆ, ಆಸ್ಟಿನ್ನಿನವರು ಫ್ರೆಡರಿಕ್ಸ್‌ಬರ್ಗ್ ಗುಡ್ಡಗಳಿಗೆ. ಅಲ್ಲಿನ ಬಾಡಿಗೆ ಮನೆಗಳ ಜಾಹೀರಾತಿನ ಮೊದಲ ಫೋಟೋದಲ್ಲೇ ಆವಿ ಏಳುವ ಹಾಟ್ ಟಬ್ ಇರುತ್ತದೆ, ಬೀಗದ ಸುದ್ದಿ ಇರುವುದಿಲ್ಲ. ಬುಕ್ ಮಾಡುವ ಮೊದಲೇ ಕೇಳಬೇಕು: ಮುಚ್ಚಳಕ್ಕೆ ಕ್ಲಿಪ್ ಇದೆಯೇ, ಕೀಲಿ ಕೊಡುತ್ತೀರಾ, ಡೆಕ್ಕಿಗೆ ಹೋಗುವ ಬಾಗಿಲಿಗೆ ಮೇಲಿನ ಚಿಲಕ ಉಂಟೇ? ಮನೆ ತಲುಪಿ ಬ್ಯಾಗು ಇಳಿಸುವ ಮೊದಲು ದೊಡ್ಡವರೊಬ್ಬರು ಹೋಗಿ ಮುಚ್ಚಳ ಅಲುಗಾಡಿಸಿ ನೋಡಬೇಕು, ಏಕೆಂದರೆ ಕಾರಿನಲ್ಲಿ ಮೂರು ಗಂಟೆ ಕಟ್ಟಿಹಾಕಿದ್ದ ಮಕ್ಕಳು ಬಾಗಿಲು ತೆರೆದೊಡನೆ ಓಡುವುದು ಅದೇ ಡೆಕ್ಕಿಗೆ.

ಕೊನೆಯದಾಗಿ ಸಿಪಿಆರ್, ಅಂದರೆ ನಿಂತ ಉಸಿರನ್ನೂ ಹೃದಯವನ್ನೂ ಮರಳಿ ನಡೆಸುವ ತುರ್ತು ಕ್ರಮ. ಟೀವಿಯಲ್ಲಿ ನೋಡಿ ಕಲಿತ ಬರೀ ಎದೆ ಒತ್ತುವ ವಿಧಾನ ಹೃದಯ ನಿಂತು ಕುಸಿದ ದೊಡ್ಡವರಿಗೆ. ಮುಳುಗಿದ ಮಗುವಿಗೆ ಮೊದಲು ಕೊರತೆಯಾಗಿರುವುದು ಉಸಿರು. ಡಾಲಸ್‌ನಲ್ಲೇ ಪ್ರಧಾನ ಕಚೇರಿಯಿರುವ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮಕ್ಕಳ ವೈದ್ಯರ ಅಕಾಡೆಮಿಯೊಡನೆ 2024ರಲ್ಲಿ ಹೊರಡಿಸಿದ ಸೂಚನೆ, ಮುಳುಗಿದವರಿಗೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದೂ ಎದೆ ಒತ್ತುವುದೂ ಎರಡೂ ಬೇಕೆಂದು ಒತ್ತಿ ಹೇಳುತ್ತದೆ. ಅದನ್ನು ಕೈಯಾರೆ ಮಾಡಿಯೇ ಕಲಿಯಬೇಕು, ವಿಡಿಯೋ ನೋಡಿದರೆ ಬರುವುದಿಲ್ಲ. ಡಾಲಸ್‌ನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ ಕನ್ನಡ ವೃಂದ, ಆಸ್ಟಿನ್ ಕನ್ನಡ ಸಂಘಗಳು ಬೇಸಗೆಗೆ ಮುಂಚೆ ಒಂದು ಶನಿವಾರ ತರಬೇತುದಾರರನ್ನು ಕರೆಸಿ, ಮಾತು ಕನ್ನಡದಲ್ಲಿ ನಡೆಯುವಂತೆ ನೋಡಿಕೊಂಡರೆ ಅಜ್ಜ ಅಜ್ಜಿಯರೂ ಬೊಂಬೆಯ ಮೇಲೆ ಕೈಯಿಟ್ಟು ಕಲಿಯಬಹುದು.